ಐದನೇ ರೀಲಿನ ಮಾತು

ಪ್ರಾಗ್, 9 ಜನವರಿ 1973

ಪ್ರೀತಿಯ ಬ್ಲಾಜೆನಾ,

ಕ್ರಿಸ್‌ಮಸ್ ಮುಗಿಸಿಕೊಂಡು ನೀನು ಹೊರಟ ಮೇಲೆ ಇಲ್ಲೊಂದು ಸುದ್ದಿ ಹುಟ್ಟಿದೆ. ಒಳ್ಳೆಯದೋ ಕೆಟ್ಟದ್ದೋ ನನಗಿನ್ನೂ ತಿಳಿಯುತ್ತಿಲ್ಲ.

ನಿನ್ನೆ ಸ್ಟುಡಿಯೋದ ಕಾಮ್ರೇಡ್ ಹ್ಲಾವ್ಸಾ ಕರೆಸಿದ್ದರು. ನಾಲ್ಕು ವರ್ಷಗಳಲ್ಲಿ ಮೊದಲ ಸಲ ಕುರ್ಚಿ ತೋರಿಸಿದರು, ಕಾಫಿ ತರಿಸಿದರು. ಅವರು ತಡೆಹಿಡಿದ ನನ್ನ ಚಿತ್ರ 'ಗುರುವಾರದ ಒಗೆತ'ವನ್ನು ಕಪಾಟಿನಿಂದ ಹೊರಗೆ ತೆಗೆಯುವ ಯೋಚನೆ ಇದೆಯಂತೆ. ಕಥೆಯಲ್ಲಿ ತಪ್ಪು ಸಿಕ್ಕಿಲ್ಲ. ಬಟ್ಟೆ ಒಗೆಯುವ ಹೆಂಗಸಿನ ಬದುಕು, ಅದರಲ್ಲಿ ಯಾರಿಗೆ ಏನು ತಕರಾರು. ಮುಖವೂ ಸರಿ, ಆ ಪಾತ್ರ ಮಾಡಿದ ಶ್ಟೆಪಾಂಕಾ ಇವತ್ತಿಗೂ ಪ್ರೊಸ್ತೆಯೋವ್‌ನ ಲಾಂಡ್ರಿಯಲ್ಲೇ ದುಡಿಯುತ್ತಿದ್ದಾಳೆ. ತೊಂದರೆ ಇರುವುದು ದನಿಯಲ್ಲಿ. ಕ್ಯಾಮೆರಾ ಎದುರು ಅವಳ ನಾಲಿಗೆ ಕಟ್ಟಿಹೋಗುತ್ತಿತ್ತೆಂದು ಅವಳ ಮಾತನ್ನೆಲ್ಲ ಆಮೇಲೆ ನಿನ್ನ ಅಮ್ಮನಿಂದ ಹೇಳಿಸಿದ್ದೆ, ನೆನಪಿದೆಯಲ್ಲ. ಅಮ್ಮ ವಿಯೆನ್ನಾಕ್ಕೆ ಹೋದವಳು ವಾಪಸು ಬರಲಿಲ್ಲ. ದೇಶ ಬಿಟ್ಟವಳ ದನಿ ಚಿತ್ರಮಂದಿರಗಳಲ್ಲಿ ಕೇಳುವಂತಿಲ್ಲ.

"ದನಿ ಒಂದು ಬದಲಾಯಿಸ್ಬಿಡಿ ಪೆಲಿಶೆಕ್," ಎಂದರು ಹ್ಲಾವ್ಸಾ. "ಹಲ್ಲು ಕಟ್ಟಿಸ್ಕೊಂಡ ಹಾಗೆ ಅಂದ್ಕೊಳ್ಳಿ. ಮುಖ ಹಳೇದೇ, ನಗು ಮಾತ್ರ ಹೊಸದು."

ಇದು ನಡೆದರೆ ಮತ್ತೆ ಚಿತ್ರ ಮಾಡಲು ಬಿಡುತ್ತಾರೆ. ನಡೆಯದಿದ್ದರೆ ಮಾರ್ಚ್ ನಂತರ ನನ್ನನ್ನು ಡಬ್ಬಿಂಗ್ ವಿಭಾಗದಿಂದಲೂ ತೆಗೆದು, ಚೀಸ್ ಕಾರ್ಖಾನೆಗಳ ಶುಚಿತ್ವದ ಬಗ್ಗೆ ಚಿತ್ರ ಮಾಡುವಲ್ಲಿಗೆ ಕಳಿಸುತ್ತಾರೆ.

ನಟಿಯರ ದನಿ ಆ ಮುಖಕ್ಕೆ ಕೂರುವುದಿಲ್ಲ. ನಿನ್ನದು ಕೂರುತ್ತದೆ. ಫೋನಿನಲ್ಲಿ ನೀನು ಮಾತಾಡಿದರೆ ಅಮ್ಮನೆಂದುಕೊಂಡು ಅಜ್ಜಿ "ಮಗು ಎಲ್ಲಿ, ಅವಳಿಗೆ ಕೊಡು" ಎನ್ನುತ್ತಿದ್ದಳಲ್ಲ.

ಮೂರೇ ದಿನದ ಕೆಲಸ. ಬರುತ್ತೀಯಾ?

ನಿನ್ನ ಅಪ್ಪ

*

ಯೆಸೆನಿಕ್, 15 ಜನವರಿ 1973

ಅಪ್ಪಾ,

ಮೊದಲಿಗೆ, ನಮ್ಮಿಬ್ಬರ ನಡುವೆ ಈ ಪತ್ರವನ್ನು ಓದುತ್ತಿರುವ ಮೂರನೆಯವರಿಗೂ ನಮಸ್ಕಾರ. ಕಳೆದ ಸಲ ತೆರೆದ ಲಕೋಟೆಯನ್ನು ಮತ್ತೆ ಅಂಟಿಸಿದ್ದು ಸರಿಯಾಗಿರಲಿಲ್ಲ. ಸ್ವಲ್ಪ ಗೋಂದು ಜಾಸ್ತಿ ಹಾಕಿ.

ನಾನು ಬರುವುದಿಲ್ಲ.

ಶಾಲೆಯಲ್ಲಿ ಫಾರಂ ಕೊಟ್ಟಾಗ ಏನಾಯಿತೆಂದು ನಿನಗೆ ಗೊತ್ತು. 'ತಾಯಿಯೊಂದಿಗೆ ಯಾವ ಸಂಬಂಧವೂ ಇಲ್ಲ' ಎಂದು ಬರೆದರೆ ಸಾಕು, ಪರೀಕ್ಷೆಗೆ ಕೂರಿಸುತ್ತೇವೆ ಎಂದರು. ನಾನು 'ತಾಯಿ ವಿಯೆನ್ನಾದಲ್ಲಿದ್ದಾಳೆ, ನನಗೆ ಅವಳ ಮೇಲೆ ಸಿಟ್ಟಿದೆ, ಅವಳು ಬೇಕು' ಎಂದು ಬರೆದೆ. ಮೂರೂ ನಿಜ. ಅವರು ಫಾರಂ ಹರಿದು ಹೊಸದು ಕೊಟ್ಟರು. ನಾನು ಚೀಲ ತೆಗೆದುಕೊಂಡು ಹೊರಗೆ ಬಂದೆ. ಅದಕ್ಕೇ ಈ ಬೆಟ್ಟದೂರಿನ ಚಿತ್ರಮಂದಿರದಲ್ಲಿ ರೀಲು ಸುತ್ತಿಕೊಂಡಿದ್ದೇನೆ. ಒಂದು ಸಾಲು ಸುಳ್ಳು ಬರೆಯಲಾರದೆ ಶಾಲೆ ಬಿಟ್ಟವಳಿಗೆ ಈಗ ಪೂರ್ತಿ ಎಂಟು ರೀಲು ಸುಳ್ಳು ಹೇಳು ಎನ್ನುತ್ತಿದ್ದೀಯ. ಅಮ್ಮನ ಬಾಯಿ ಮುಚ್ಚಲು ನನ್ನ ಬಾಯಿಯೇ ಬೇಕಾ?

ಕೋಜೆಲುಹ್ ತಾತನಿಗೆ ಹೇಳಿದೆ. ಮೂವತ್ತು ವರ್ಷದಿಂದ ಇದೇ ಪ್ರೊಜೆಕ್ಟರ್ ಓಡಿಸುತ್ತಿರುವ ಮನುಷ್ಯ ಅವರು.

"ನಿಮ್ಮಪ್ಪ ಮೂರ್ಖ ಅಲ್ಲ ಕಣೇ," ಎಂದರು. "ಅವನ ಎರಡನೇ ಚಿತ್ರ ಇಲ್ಲಿ ಹದಿನೆಂಟು ದಿನ ಓಡಿತ್ತು. ನಾನು ಹದಿನೆಂಟು ದಿನಾನೂ ನೋಡ್ದೆ."

"ನೀವು ಎಲ್ಲಾನೂ ಹದಿನೆಂಟು ದಿನ ನೋಡ್ಲೇಬೇಕಲ್ಲ ತಾತ, ಕೆಲಸ ಅದು."

"ನೋಡೋದು ಬೇರೆ, ನಿದ್ದೆ ಮಾಡ್ದೆ ನೋಡೋದು ಬೇರೆ."

ಬ್ಲಾಜೆನಾ

*

ಪ್ರಾಗ್, 29 ಜನವರಿ 1973

ಪ್ರೀತಿಯ ಮಗಳೇ,

ಪತ್ರದಲ್ಲಿ ಅಂಥ ತಮಾಷೆ ದಯವಿಟ್ಟು ಬೇಡ.

ನಾನು ನಿನ್ನನ್ನು ಒತ್ತಾಯ ಮಾಡುವುದಿಲ್ಲ. ಆರೋಗ್ಯವಾಗಿದ್ದೇನೆ. ಡಬ್ಬಿಂಗ್ ಕೆಲಸ ಹಗುರ, ಸಂಜೆ ಐದಕ್ಕೆ ಮನೆ ಸೇರುತ್ತೇನೆ. ಈಗ ಒಂದು ಇಟಾಲಿಯನ್ ಚಿತ್ರ, ಕಡಲ್ಗಳ್ಳರದ್ದು. ಅವರ ತುಟಿ ಎಷ್ಟು ಸಲ ಮುಚ್ಚುತ್ತದೆಂದು ಎಣಿಸಿ ಅಷ್ಟೇ ಅಳತೆಯ ಮಾತು ಹುಡುಕಬೇಕು. ಒಬ್ಬನಿಗೆ ಗಡ್ಡವಿದೆ, ತುಟಿಯೇ ಕಾಣುವುದಿಲ್ಲ. ಅವನೆಂದರೆ ನಮಗೆಲ್ಲ ಬಹಳ ಪ್ರೀತಿ.

ಅಡುಗೆಮನೆಯ ನಲ್ಲಿ ರಿಪೇರಿಯಾಯಿತು.

ಅಪ್ಪ

*

ಯೆಸೆನಿಕ್, 6 ಫೆಬ್ರವರಿ 1973

ಅಪ್ಪಾ,

ನಿನ್ನ ನಲ್ಲಿಯ ಸುದ್ದಿ ಓದಿ ಒಂದು ವಾರ ತಡೆದುಕೊಂಡೆ. ಇನ್ನು ಆಗುವುದಿಲ್ಲ.

ನೀನು ನಿನ್ನ ಬಗ್ಗೆ ಬರೆಯುವುದಿಲ್ಲ, ಹಾಗಾಗಿ ನಾನೇ ಬರೆಯುತ್ತೇನೆ. ಹಾನಾ ಸೀಮೆಯ ಬೇಕರಿಯವನ ಮಗ. ಮೊದಲ ಚಿತ್ರವನ್ನು ಅಜ್ಜನ ಬೇಕರಿಯಲ್ಲೇ, ಬ್ರೆಡ್ಡು ಕೊಳ್ಳಲು ಬಂದವರನ್ನೇ ನಿಲ್ಲಿಸಿಕೊಂಡು ತೆಗೆದೆ. ಎರಡನೆಯದಕ್ಕೆ ಪರದೇಶದಲ್ಲಿ ಸರೋವರದ ದಡದ ಯಾವುದೋ ಊರಲ್ಲಿ ಕಂಚಿನ ಪ್ರತಿಮೆ ಕೊಟ್ಟರು, ಅಮ್ಮ ಅದನ್ನು ಸ್ನಾನದ ಮನೆಯ ಬಾಗಿಲಿಗೆ ಒತ್ತು ಕೊಟ್ಟಳು. ಮೂರನೆಯದನ್ನು ಮುಗಿಸಿದಾಗ ನಿನಗೆ ನಲವತ್ತೊಂದು. ಆಮೇಲೆ ಕಡಲ್ಗಳ್ಳರ ತುಟಿ.

ಕ್ರಿಸ್‌ಮಸ್ ದಿನ ನಾನು ಮೀನು ಕರಿಯುವಾಗ ನೀನು ಹೆಬ್ಬೆರಳು ತೋರುಬೆರಳು ಸೇರಿಸಿ ಚೌಕ ಮಾಡಿ, ನನ್ನನ್ನು ಅದರೊಳಗಿಂದ ನೋಡುತ್ತಿದ್ದೆ. ನಾನು ತಿರುಗಿದಾಗ ಕೈ ಕೆಳಗಿಳಿಸಿ ತಲೆ ಕೆರೆದುಕೊಂಡೆ. ಅದನ್ನು ನೋಡಬಾರದಿತ್ತು, ನೋಡಿಬಿಟ್ಟೆ.

ಬರುತ್ತೇನೆ. ಆದರೆ ಒಂದು ಮಾತು. ನಾನು ಮೈಕಿನ ಮುಂದೆ ಮಾತಾಡುತ್ತೇನೆ, ಅಷ್ಟೇ. ಯಾವ ಕಾಗದದ ಮೇಲೂ ನಿಜವಲ್ಲದ್ದಕ್ಕೆ ರುಜು ಹಾಕುವುದಿಲ್ಲ. ಅಮ್ಮನ ಬಗ್ಗೆ ಯಾರ ಮುಂದೆಯೂ ಏನೂ ಹೇಳುವುದಿಲ್ಲ.

ಬ್ಲಾಜೆನಾ

*

ಯೆಸೆನಿಕ್, 20 ಮಾರ್ಚ್ 1973

ಅಪ್ಪಾ,

ವಾಪಸು ಬರುವಾಗ ರೈಲು ಆರು ಗಂಟೆ ತೆಗೆದುಕೊಂಡಿತು. ಪೂರ್ತಿ ದಾರಿ ನನ್ನ ಬಾಯಿಯಲ್ಲಿ ಬೇರೆ ಯಾರದೋ ನಾಲಿಗೆ ಇದ್ದ ಹಾಗಿತ್ತು.

ಚಿತ್ರದ ತುಣುಕನ್ನು ಕತ್ತರಿಸಿ ಎರಡೂ ತುದಿ ಅಂಟಿಸಿ ಉಂಗುರ ಮಾಡಿ ಓಡಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ಶ್ಟೆಪಾಂಕಾ ಬಕೆಟ್ ಎತ್ತುತ್ತಾಳೆ, ಎತ್ತುತ್ತಾಳೆ, ಎತ್ತುತ್ತಲೇ ಇರುತ್ತಾಳೆ. ಇಳಿಸಲು ಬಿಡುವುದಿಲ್ಲ. ನಾನು ಸರಿಯಾಗಿ ಹೇಳುವವರೆಗೂ ಅವಳಿಗೆ ಬಿಡುಗಡೆ ಇಲ್ಲ. ನನಗೂ ಇಲ್ಲ. ಧ್ವನಿ ವಿಭಾಗದ ಬೆಡ್ನಾರ್ಜ್ ಮಾಮ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು "ಮತ್ತೊಂದ್ಸಲ, ಪುಟ್ಟೀ" ಎನ್ನುತ್ತಲೇ ಇದ್ದರು.

ಎಲ್ಲ ಹೇಗೋ ಹೇಳಿದೆ. ಐದನೇ ರೀಲಿನ ಆ ಒಂದು ಮಾತನ್ನು ಬಿಟ್ಟು. ಗಂಡ ಸತ್ತು ವಾರವಾಗಿದೆ, ಅವಳು ಮರೆತು ಎರಡು ತಟ್ಟೆ ಇಡುತ್ತಾಳೆ, ಬಾಗಿಲ ಕಡೆ ತಿರುಗಿ "ಬಾ, ತಣ್ಣಗಾಗ್ತಿದೆ" ಎನ್ನುತ್ತಾಳೆ. ಎರಡು ಪದ. ಇಪ್ಪತ್ತೆರಡು ಸಲ ಅವಳು ಬಾಗಿಲ ಕಡೆ ತಿರುಗಿದಳು, ಇಪ್ಪತ್ತೆರಡು ಸಲವೂ ನಾನು ಶಾಲೆಯಲ್ಲಿ ಪದ್ಯ ಒಪ್ಪಿಸುವವಳ ಹಾಗೆ ಕರೆದೆ. ನೀನು ಗಾಜಿನ ಆಚೆ ತಲೆ ಹಿಡಿದು ಕೂತಿದ್ದೆ. ಬೆಳಿಗ್ಗೆ ನಾನು ಫ್ಲಾಸ್ಕಿನಲ್ಲಿ ತಂದಿದ್ದ ಆಲೂಗಡ್ಡೆ ಸೂಪನ್ನೂ ಮುಟ್ಟಲಿಲ್ಲ. ನಾನು ಕೋಟು ಹಾಕಿಕೊಂಡು ಹೊರಟುಬಿಟ್ಟೆ. ನೀನು ತಡೆಯಲಿಲ್ಲ.

ಅಮ್ಮ ಆ ಮಾತನ್ನು ಹೇಗೆ ಹೇಳಿದ್ದಳೆಂದು ಒಂದು ಸಲ ಕೇಳಿಸು ಎಂದು ಬೇಡಿದೆ. ನೀನು "ಕೇಳ್ಬೇಡ, ನಕಲು ಮಾಡ್ತೀಯ" ಎಂದೆ. ಈಗ ಅದನ್ನೆಲ್ಲ ಅಳಿಸಿಯೂ ಆಗಿರಬೇಕು. ಅಳಿಸಿದವರಲ್ಲಿ ನಾನೂ ಒಬ್ಬಳು.

ಸ್ವಲ್ಪ ದಿನ ಬರೆಯುವುದಿಲ್ಲ.

ಬ್ಲಾಜೆನಾ

*

ಪ್ರಾಗ್, 27 ಏಪ್ರಿಲ್ 1973

ಪ್ರೀತಿಯ ಬ್ಲಾಜೆನಾ,

ಒಂದು ತಿಂಗಳು ಕಾದೆ. ಈಗ ಸುದ್ದಿ ಇರುವುದರಿಂದ ಬರೆಯಲೇಬೇಕು.

ಮೊನ್ನೆ ಸಮಿತಿಯವರು ಚಿತ್ರ ನೋಡಿದರು. ದೀಪ ಹತ್ತಿದಾಗ ಹ್ಲಾವ್ಸಾ ಕಣ್ಣೊರೆಸಿಕೊಳ್ಳುತ್ತಿದ್ದರು. "ನೋಡಿದ್ರಾ ಪೆಲಿಶೆಕ್, ನಾನು ಹೇಳ್ಲಿಲ್ವಾ? ಆ ಹಳೇ ದನಿಗಿಂತ ಈ ಹುಡುಗಿ ದನಿ ಎಷ್ಟೋ ವಾಸಿ. ಆ ದನಿಯಲ್ಲಿ ಏನೋ ಒಂದು ಜಂಬ ಇತ್ತು," ಎಂದರು. ನಾನು ಹೌದೆಂದೆ.

ಬೇಸಗೆಯಲ್ಲಿ ಕೆಲವೇ ಊರುಗಳಲ್ಲಿ ಹಾಕಿ ನೋಡುತ್ತಾರೆ, ನಿಮ್ಮ ಊರೂ ಅದರಲ್ಲಿದೆ. ಸೆಪ್ಟೆಂಬರಿನಲ್ಲಿ ಟೀವಿಯಲ್ಲಿ. ಅದಕ್ಕೆ ಮೊದಲು ಜಿಲ್ಲಾ ಕಚೇರಿಯಿಂದ ನಿನಗೊಂದು ಕಾಗದ ಬರುತ್ತದೆ. ರುಜು ಹಾಕಿಬಿಡು. ಅದಾದ ಮೇಲೆಯೇ ನನಗೆ ಹೊಸ ಚಿತ್ರ.

ನೀನು ನಿನ್ನ ಮಾತಿಗೆ ತಪ್ಪಬೇಕಾಗುವುದಿಲ್ಲ. ನನ್ನನ್ನು ನಂಬು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಅಪ್ಪ

*

ಯೆಸೆನಿಕ್, 28 ಜೂನ್ 1973

(ಕೋಜೆಲುಹ್ ತಾತನ ಕೈಯಲ್ಲಿ ಕಳಿಸುತ್ತಿದ್ದೇನೆ. ಪ್ರಾಗ್‌ನಲ್ಲಿ ತಂಗಿಯ ಮನೆಗೆ ಹೊರಟಿದ್ದಾರೆ. ಓದಿ ಸುಟ್ಟುಬಿಡು.)

ಅಪ್ಪಾ,

ಶುಕ್ರವಾರದಿಂದ ಮೂರು ದಿನ ನಿನ್ನ ಚಿತ್ರ ಓಡಿಸಿದೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಮೊದಲ ನಾಲ್ಕು ರೀಲು ನಾನು ಹೆಮ್ಮೆಯಿಂದ ಉಬ್ಬಿಹೋಗಿದ್ದೆ. ಹೆಸರು ಬರುವಾಗ 'ದನಿ: ಬ್ಲಾಜೆನಾ ಪೆಲಿಶ್ಕೋವಾ' ಎಂದು ಕಂಡಿತು. ಆಮೇಲೆ ಕೇಳುತ್ತಾ ಕೇಳುತ್ತಾ, ಅಯ್ಯೋ ನಾನು ಇಷ್ಟು ಚೆನ್ನಾಗಿ ಮಾತಾಡಿದ್ದೆನಾ, ಸುಮ್ಮನೆ ಅಷ್ಟು ಅತ್ತೆನಲ್ಲ ಎಂದುಕೊಂಡೆ. ಹೊಗಳಿಕೆಗೆ ಕಿವಿ ಇಷ್ಟು ಸುಲಭವಾಗಿ ಮೋಸ ಹೋಗುತ್ತದೆ.

ಐದನೇ ರೀಲು ಬಂತು. ಎರಡು ತಟ್ಟೆ ಇಟ್ಟಳು. ತಿರುಗಿದಳು. "ಬಾ, ತಣ್ಣಗಾಗ್ತಿದೆ."

ಅಪ್ಪಾ, ಅದು ನಾನಲ್ಲ. ಆ ಇಪ್ಪತ್ತೆರಡರಲ್ಲಿ ಒಂದೂ ಹಾಗಿರಲಿಲ್ಲ. ಅದು ಅಮ್ಮ. ಸಾಯಂಕಾಲ ನೀನು ಬರೆಯುತ್ತಾ ಕೂತಿದ್ದಾಗ ಅಡುಗೆಮನೆಯಿಂದ ಕರೆಯುತ್ತಿದ್ದ ಅಮ್ಮ. ಸಿಟ್ಟಿಲ್ಲ, ಪ್ರೀತಿಯೂ ತೋರಿಸುವುದಿಲ್ಲ, ಸಾಕಾಗಿದೆ ಅಷ್ಟೇ. ಆ ಮಾತು ಕೇಳಿದ ಮೇಲೆ ಹಿಂದಿನದ್ದೆಲ್ಲ ತಿಳಿಯಿತು. ಪೂರ್ತಿ ಅಮ್ಮನೇ. ನೀನು ಏನನ್ನೂ ಬದಲಾಯಿಸಲೇ ಇಲ್ಲ. ಹಳೆಯ ದನಿಯನ್ನೇ ಇಟ್ಟು ಮೇಲೆ ನನ್ನ ಹೆಸರು ಅಂಟಿಸಿದ್ದೀಯ. ಹ್ಲಾವ್ಸಾನ ಕಿವಿ ಹೆಸರು ಓದಿಕೊಂಡು ಕೇಳುತ್ತದೆಂದು ನಿನಗೆ ಗೊತ್ತಿತ್ತು.

ನಗಬೇಕೆನಿಸಿತು. ರೀಲು ಬದಲಾಯಿಸುವ ಗುರುತು ಬಂದದ್ದೂ ಕಾಣಲಿಲ್ಲ, ತೆರೆ ಬೆಳ್ಳಗಾಗಿ ಜನ ಸೀಟಿ ಹಾಕಿದರು. ತಾತ ಓಡಿ ಬಂದು "ಎಲ್ಲಿ ಸತ್ತಿದ್ಯೇ" ಎಂದರು.

ಆದರೆ ಆಮೇಲೆ ನಗು ಹೋಯಿತು. ಈಗ ದಿನಾ ಊರಿನ ಹೆಂಗಸರು ನನ್ನನ್ನು ಹಿಡಿದು ನಿಲ್ಲಿಸುತ್ತಾರೆ. ಕಟುಕರ ಅಂಗಡಿಯವಳು ಸಾಲು ಬಿಡಿಸಿ ನನ್ನನ್ನು ಮುಂದೆ ಕರೆದಳು. "ನಿನ್ ದನಿ ಕೇಳಿ ನಮ್ಮೆಜಮಾನ್ರೂ ಮೂಗು ಸೀಟಿದ್ರು ಕಣಮ್ಮ, ಅವರು ತಮ್ಮ ತಾಯಿ ಮಣ್ಣಿಗೂ ಅತ್ತವರಲ್ಲ." ಮಾಂಸ ತೆಗೆದುಕೊಳ್ಳದೆ ವಾಪಸು ಬಂದೆ.

ನಿನ್ನೆ ಜಿಲ್ಲಾ ಕಚೇರಿಯ ಕಾಮ್ರೇಡ್ ಫಾಲ್ಟಿನೋವಾ ಮೆಟ್ಟಿಲು ಹತ್ತಿ ಪ್ರೊಜೆಕ್ಟರ್ ಕೋಣೆಗೇ ಬಂದರು. "ಇಷ್ಟು ದೊಡ್ಡ ಕಲಾವಿದೆ ಇಲ್ಲಿ ಎಣ್ಣೆ ಮೆತ್ಕೊಂಡು ಕೂತಿದಾಳಲ್ಲ," ಎಂದು ಕಾಗದ ಮುಂದಿಟ್ಟರು. ಒಂದೇ ಸಾಲು: 'ಈ ಚಿತ್ರದಲ್ಲಿ ನನ್ನ ದನಿ ಇದೆ ಎಂದು ದೃಢೀಕರಿಸುತ್ತೇನೆ.' ಕೈಗೆ ಎಣ್ಣೆ ಇದೆ, ಆಮೇಲೆ ಹಾಕುತ್ತೇನೆ ಎಂದೆ. ಎಣ್ಣೆ ನಿಜವಾಗಿಯೂ ಇತ್ತು.

ರುಜು ಹಾಕಿದರೆ ಸುಳ್ಳುಗಾತಿ. ಹಾಕದಿದ್ದರೆ ಯಾಕೆಂದು ಕೇಳುತ್ತಾರೆ, ಆಗ ನೀನು ಜೈಲಿಗೆ, ಅಮ್ಮನ ದನಿ ಒಲೆಗೆ. ಶಾಲೆಯ ಫಾರಂ ಬಿಟ್ಟು ಹೊರಗೆ ಬರಬಹುದಿತ್ತು. ಇದರಿಂದ ಹೊರಗೆ ಬರಲು ಬಾಗಿಲೇ ಇಲ್ಲ. ಮೊದಲೇ ಯಾಕೆ ಹೇಳಲಿಲ್ಲ?

ಬ್ಲಾಜೆನಾ

*

ಪ್ರಾಗ್, 11 ಜುಲೈ 1973 (ಅಂಚೆ ಕಾರ್ಡು)

ಪ್ರೀತಿಯ ಮಗಳೇ,

ಆರೋಗ್ಯ. ಮುಂದಿನ ವಾರ ನಿಮ್ಮಲ್ಲಿಗೆ ನಮ್ಮ ಕಡಲ್ಗಳ್ಳರ ಚಿತ್ರ ಬರುತ್ತದೆ. ಎರಡನೇ ರೀಲಿನ ಡಬ್ಬಿಯಲ್ಲಿ ಧೂಳು ಸೇರಿದೆ ಎಂದು ರವಾನೆ ವಿಭಾಗದವರು ಹೇಳಿದರು. ಮುಚ್ಚಳದ ಒಳಗಿನ ಕಾಗದ ತೆಗೆದು ಚೆನ್ನಾಗಿ ಒರೆಸು.

ಗಡ್ಡದವನಿಗೆ ನನ್ನ ನಮಸ್ಕಾರ.

ಅಪ್ಪ

*

(ಎರಡನೇ ರೀಲಿನ ಡಬ್ಬಿಯೊಳಗೆ)

ಪ್ರಾಗ್, 12 ಜುಲೈ 1973

ಬ್ಲಾಜೆನಾ,

ಬೆಡ್ನಾರ್ಜನ ಹೆಂಡತಿ ರವಾನೆಯಲ್ಲಿದ್ದಾಳೆ, ಅವಳ ಕೈಯಿಂದ ಇದನ್ನು ಇಡಿಸುತ್ತಿದ್ದೇನೆ. ಇಲ್ಲಿ ಮೂರನೆಯವರಿಲ್ಲ, ಹಾಗಾಗಿ ಎಲ್ಲ ಹೇಳುತ್ತೇನೆ.

ನೀನು ಊಹಿಸಿದ್ದು ಸರಿ. ಅಮ್ಮನ ದನಿಯನ್ನು ಅಳಿಸು ಎಂದು ಕೊಟ್ಟ ಆಜ್ಞೆಗೆ ಬೆಡ್ನಾರ್ಜ್ ಖಾಲಿ ಸುರುಳಿ ಅಳಿಸಿ ತೋರಿಸಿದ. ನಾಲ್ಕು ವರ್ಷದಿಂದ ಅಮ್ಮನ ಸುರುಳಿ ಅವನ ಕೋಣೆಯಲ್ಲಿ ಹಂದಿಗಳ ಗುಟುರಿನ ದನಿ ಎಂಬ ಚೀಟಿ ಅಂಟಿಸಿಕೊಂಡು ಕೂತಿತ್ತು. ನಿನಗೆ ಮೊದಲೇ ಹೇಳಿದ್ದರೆ, ಸಮಿತಿಯವರು ನಿನ್ನನ್ನು ಕರೆಸಿದರೆ ಮುಖ ನೋಡಿದ ಕೂಡಲೇ ಅವರಿಗೆ ತಿಳಿಯುತ್ತಿತ್ತು. ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ನಿನ್ನ ಆ ಗುಣವನ್ನೇ ನಾನು ಅಡ್ಡ ಇಟ್ಟುಕೊಂಡೆ. ಅದಕ್ಕೆ ನನಗೆ ನಾಚಿಕೆಯಿದೆ.

ಆದರೆ ಒಂದು ಕಡೆ ನೀನು ತಪ್ಪಿದ್ದೀಯ.

ಐದನೇ ರೀಲಿನ ಆ ಮಾತು ಅಮ್ಮನದಲ್ಲ. ಪೂರ್ತಿ ಚಿತ್ರದಲ್ಲಿ ಅದೊಂದೇ ನಿನ್ನದು.

ಇಪ್ಪತ್ತೆರಡನೇ ಸಲದ ನಂತರ ನೀನು ಕೋಟು ಹಾಕಿಕೊಂಡೆ. ಬೆಡ್ನಾರ್ಜ್ ಯಂತ್ರ ನಿಲ್ಲಿಸಿರಲಿಲ್ಲ. ಬಾಗಿಲ ಹತ್ತಿರ ನಿಂತು ಫ್ಲಾಸ್ಕಿನ ಮುಚ್ಚಳ ತೆಗೆದು ನೋಡಿದೆ. ಗಾಜಿನ ಆಚೆ ಕೂತಿದ್ದ ನನಗೆ, ನನ್ನ ಮುಖವನ್ನೂ ನೋಡದೆ ಹೇಳಿದೆ, "ಬಾ, ತಣ್ಣಗಾಗ್ತಿದೆ." ನಾನು ಬರಲಿಲ್ಲ. ನೀನು ಮುಚ್ಚಳ ಹಾಕಿ ಹೋದೆ. ನಿನಗದು ನೆನಪೂ ಇಲ್ಲ. ಬೆಡ್ನಾರ್ಜ್ ನನ್ನ ಕಡೆ ನೋಡಿದ, ನಾನು ಅವನ ಕಡೆ ನೋಡಿದೆ.

ಅಮ್ಮನ ಸುರುಳಿ ಅಲ್ಲಿ ಕೆಟ್ಟಿತ್ತು ಎಂದು ಬರೆಯೋಣವೆಂದುಕೊಂಡೆ. ಕೆಟ್ಟಿರಲಿಲ್ಲ. ಚಿತ್ರದಲ್ಲೆಲ್ಲ ಅವಳು ಅತ್ಯಂತ ಚೆನ್ನಾಗಿ ಹೇಳಿದ ಮಾತು ಅದು. ಅದನ್ನು ನನ್ನ ಕೈಯಿಂದಲೇ ಕತ್ತರಿಸಿ ತೆಗೆದೆ, ಅಲ್ಲಿ ನಿನ್ನದನ್ನು ಇಟ್ಟೆ. ಒಂದಲ್ಲ ಒಂದು ದಿನ ಆ ಕಾಗದ ನಿನ್ನ ಮುಂದೆ ಬರುತ್ತದೆಂದು ಗೊತ್ತಿತ್ತು. ನೀನು ಸುಳ್ಳಿಗೆ ರುಜು ಹಾಕುವುದಿಲ್ಲವೆಂದೂ ಗೊತ್ತಿತ್ತು. ಚಿತ್ರದಲ್ಲಿ ನಿನ್ನ ದನಿ ಇರಲೇಬೇಕಿತ್ತು.

ಅಮ್ಮನದನ್ನು ಬಿಸಾಡಲಾಗಲಿಲ್ಲ. ಈ ಕಾಗದದ ಮಡಿಕೆಯಲ್ಲಿದೆ.

ಇನ್ನೊಂದು. ದಕ್ಷಿಣದ ಗಡಿಯ ಟವರು ಬಿಡುವ ಟೀವಿ ಚಿತ್ರ, ಆಂಟೆನಾ ಸರಿಯಾಗಿ ತಿರುಗಿಸಿಕೊಂಡರೆ ವಿಯೆನ್ನಾದಲ್ಲೂ ಸಿಗುತ್ತದಂತೆ. ಸಿಗುತ್ತದೋ ಇಲ್ಲವೋ, ಕೇಳಿ ಗೊತ್ತಷ್ಟೇ. ಅಮ್ಮನಿಗೆ ದಿನಾಂಕ ತಿಳಿಸಲು ಒಂದು ದಾರಿ ಹುಡುಕಿದ್ದೇನೆ.

ಅಪ್ಪ

*

ಯೆಸೆನಿಕ್, 25 ಸೆಪ್ಟೆಂಬರ್ 1973

ಅಪ್ಪಾ,

ಇದನ್ನೂ ತಾತನ ಕೈಯಲ್ಲೇ ಕಳಿಸುತ್ತಿದ್ದೇನೆ. ಮೂರನೆಯವರಿಗೆ ಈ ಸಲ ನಮಸ್ಕಾರವೂ ಇಲ್ಲ, ಗೋಂದೂ ಬೇಡ.

ಕಡಲ್ಗಳ್ಳರ ಡಬ್ಬಿ ಒರೆಸಿದ್ದು ಆಗಲೇ ಎರಡು ತಿಂಗಳಾಯಿತು. ಧೂಳಿನ ಜೊತೆ ಕಂದು ಬಣ್ಣದ ಒಂದು ಟೇಪಿನ ತುಂಡೂ ಸಿಕ್ಕಿತ್ತು, ನನ್ನ ತೋಳಿನಷ್ಟು ಉದ್ದ. ನಮ್ಮ ಯಂತ್ರ ದನಿಯನ್ನು ಬೆಳಕಿನಿಂದ ಓದುತ್ತದೆ, ಇದರೊಳಗೆ ಬೆಳಕು ಹಾಯುವುದೇ ಇಲ್ಲ. ಕಿವಿಗೆ ಹಿಡಿದೆ, ಬೆರಳಿನಿಂದ ಸವರಿದೆ. ತಾತ ನೋಡಿ "ಏನೇ ಅದು, ಲಾಡಿನಾ?" ಎಂದರು. ಐದನೇ ರೀಲಿನ ಆ ಜಾಗದ ಪಕ್ಕ ಇಟ್ಟು ಅಳೆಯಬೇಕೆಂದಿತ್ತು, ಆದರೆ ರೀಲು ಬೇರೆ ಊರಿಗೆ ಹೋಗಿತ್ತು. ಅಳತೆ ಒಂದೇ ಇರುತ್ತದೆ ಬಿಡು, ಎರಡೂ ಒಂದೇ ಬಾಯಿಗೆ ಕೂರಿಸಿದ್ದಲ್ಲವೇ. ಈಗ ನನ್ನ ಕೋಟಿನ ಅಸ್ತರಿನೊಳಗೆ ಹೊಲಿದಿದ್ದೇನೆ.

ನನ್ನ ದನಿ ಯಾವುದು, ಇನ್ನೊಬ್ಬರದ್ದು ಯಾವುದು ಎಂದು ನನಗೇ ತಿರುಗಾಮುರುಗಾ ಕೇಳಿತಲ್ಲ. ಅದರ ಬಗ್ಗೆ ತುಂಬ ಯೋಚಿಸಿದೆ. ಮೂರು ದಿನ ನಿನ್ನ ಮೇಲೆ ಉರಿದುಕೊಂಡೆ. ಅತ್ಯಂತ ಒಳ್ಳೆಯ ಮಾತನ್ನು ತೆಗೆಯಬಾರದಿತ್ತು. ಇದು ನನ್ನ ಅಭಿಪ್ರಾಯ, ಬದಲಾಗುವುದಿಲ್ಲ. ನಾಲ್ಕನೇ ದಿನ ಕೈ ತೊಳೆದುಕೊಂಡು ಹೋಗಿ ಕಾಮ್ರೇಡ್ ಫಾಲ್ಟಿನೋವಾ ಮುಂದೆ ರುಜು ಹಾಕಿದೆ. ಬರೆದಿದ್ದ ಸಾಲನ್ನು ಎರಡು ಸಲ ಓದಿಕೊಂಡೇ ಹಾಕಿದೆ. "ಏನಮ್ಮ, ಇಷ್ಟು ಹೊತ್ತು ಓದೋಕೆ ಅದ್ರಲ್ಲೇನಿದೆ?" ಎಂದರು. ಎರಡು ಪದ ಇದೆ ಎಂದೆ.

ನಿನಗೆ ಹೊಸ ಚಿತ್ರ ಕೊಟ್ಟದ್ದಕ್ಕೆ ಖುಷಿ. ಅದರಲ್ಲಿ ಟ್ರ್ಯಾಕ್ಟರ್ ಓಡಿಸುವ ಹುಡುಗಿಗೂ ನನ್ನ ದನಿಯೇ ಬೇಕೆಂದು ಹ್ಲಾವ್ಸಾ ಕೇಳುತ್ತಿದ್ದಾರೆ ಎಂದು ಬರೆದಿದ್ದೀಯ. ನನಗೆ ಗಂಟಲು ಬೇನೆ ಎಂದು ಹೇಳಬೇಡ, ಅದು ಸುಳ್ಳು. ನನ್ನ ಮಗಳಿಗೆ ಬರುವುದಿಲ್ಲ ಎಂದು ಹೇಳು. ಅದು ನಿಜ. ನಂಬದಿದ್ದರೆ ನಾನೇ ಬಂದು ಹ್ಲಾವ್ಸಾ ಮುಂದೆ ಮಾತಾಡಿ ತೋರಿಸುತ್ತೇನೆ, ಒಂದೇ ಚಿತ್ರಕ್ಕೆ ಹುಡುಗಿ ಮುಗಿದುಹೋದಳು ಎಂದು ಅವರೇ ಕೈ ಬಿಡುತ್ತಾರೆ. ಊರವರೂ ಹಾಗೇ ಅಂದುಕೊಳ್ಳಲಿ.

ಭಾನುವಾರ ಟೀವಿಯಲ್ಲಿ ಬಂದಾಗ ತಾತನ ಮನೆಯಲ್ಲಿ ನೋಡಿದೆ. ಎರಡು ತಟ್ಟೆ ಇಟ್ಟಾಗ ನಾನು ಪರದೆ ನೋಡಲಿಲ್ಲ, ಕಿಟಕಿಯ ಕಡೆ ತಿರುಗಿ ಕೂತೆ. ಅದು ದಕ್ಷಿಣಕ್ಕಿದೆ.

ತೆರೆಯ ಮೇಲಿನವಳಿಗೆ, ಕರೆದ ಮೇಲೆ, ಯಾರೂ ಬರುವುದಿಲ್ಲವೆಂದು ನೆನಪಾಗುತ್ತದೆ. ನನಗೆ ಮೊದಲೇ ಗೊತ್ತು. ಆದರೆ ಕರೆದದ್ದು ನಾನೇ. ಅದಕ್ಕೆ ರುಜುವನ್ನೂ ಹಾಕಿದ್ದೇನೆ.

ಬ್ಲಾಜೆನಾ